ಕೈ ಅಡ್ಡ ಹಿಡಿಯದ ಮಗು

ನಮ್ಮ ಪುತ್ತೂರು, ಸುಳ್ಯದ ಕಡೆ ಔತಣದಲ್ಲಿ ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿಯುವವರೆಗೂ ಬಡಿಸುತ್ತಾರೆ. ಬಾಯಲ್ಲಿ ಸಾಕು ಎಂದರೆ ಯಾರೂ ನಂಬುವುದಿಲ್ಲ. ನಾನೂ ಅಲ್ಲೇ ಹತ್ತಿರದ ಕೊಯಿಲ ಊರಿನ ಗೆಳೆಯನೂ ಸ್ವಯಂಸೇವಕರಾಗಿ ಆಫ್ರಿಕಾದ ಮಲಾವಿಗೆ ಹೋದಾಗ ಈ ಅಭ್ಯಾಸವೂ ನಮ್ಮ ಜೊತೆ ಬಂತು.

ನಾವಿದ್ದದ್ದು ಹಳ್ಳಿಯೊಂದರ ಮಕ್ಕಳ ಊಟದ ಕೇಂದ್ರದಲ್ಲಿ. ತೀರಾ ಸೊರಗಿದ ಮಕ್ಕಳ ಕೈಗೆ ಅಲ್ಲಿನ ನರ್ಸ್ ಕೆಂಪು ದಾರ ಕಟ್ಟುತ್ತಿದ್ದರು. ಆ ಮಕ್ಕಳಿಗೆ ಅಳೆದ ಹಾಲು ಮಾತ್ರ, ಗಂಜಿ ಕೊಡಬೇಡಿ ಎಂದು ಮೊದಲ ದಿನವೇ ಹೇಳಿದ್ದರು. ಒಂದು ಮಧ್ಯಾಹ್ನ ನರ್ಸ್ ಪಕ್ಕದ ಹಳ್ಳಿಗೆ ಹೋಗಿದ್ದಾಗ, ದಾರ ಕಟ್ಟಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ಊಟದ ಸಾಲಿಗೆ ಬಂದು ಕುಳಿತಳು. ಎಬ್ಬಿಸಲು ನಮಗೆ ಮನಸ್ಸಾಗಲಿಲ್ಲ.

"ಗಂಜಿ ಒಂದು ಸೌಟು ಸಾಕು," ಎಂದೆ.

"ಎಂತ ಮಾರಾಯ, ಅವಳು ಕೈ ಅಡ್ಡ ಹಿಡಿದದ್ದುಂಟಾ? ಮದುವೆಮನೆಯಲ್ಲಿ ನಿನಗೆ ಒಂದೇ ಸೌಟು ಸಾಕಾಗ್ತದಾ?" ಎಂದು ಗೆಳೆಯ ನಕ್ಕು ಮತ್ತೆ ಬಡಿಸಿದ. ಮೂರನೆಯ ಸೌಟು ನಾನೇ ಹಾಕಿದೆ. ಅವಳು ತಟ್ಟೆ ನೆಕ್ಕಿದಳು.

ಮರುದಿನ ಅವಳ ಎದೆಬಡಿತ ಏರುಪೇರಾಯಿತು. ಸೊರಗಿದ ದೇಹ ಅಷ್ಟು ಆಹಾರವನ್ನು ಒಮ್ಮೆಲೇ ತಾಳುವುದಿಲ್ಲ ಎಂದಷ್ಟೇ ಹೇಳಿ ನರ್ಸ್ ಅವಳ ಪಕ್ಕ ಕುಳಿತರು. ಮೂರನೆಯ ದಿನ ಹುಡುಗಿ ತೀರಿಕೊಂಡಳು.

ತಾಯಿ ಬಂದು ನಮ್ಮೆದುರು ಮಂಡಿಯೂರಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಅಲ್ಲಿ ಉಪಕಾರ ನೆನೆಯುವ ಕ್ರಮ ಅದು. ಮಗಳು ಹೊಟ್ಟೆ ತುಂಬ ಉಂಡದ್ದು ಅದೊಂದೇ ದಿನ ಎನ್ನುತ್ತಿದ್ದಾಳೆ ಎಂದು ನರ್ಸ್ ನಮಗೆ ತಿಳಿಸಿ, ಉತ್ತರಕ್ಕೆ ಕಾದರು. ಸಾವಿನ ಕಾರಣವನ್ನು ಅವಳಿಗೆ ತಿಳಿಸಿ ಎಂದು ನಾವಿಬ್ಬರೂ ಹೇಳಲಿಲ್ಲ.