ಮಾಧವರಂನಲ್ಲಿ ಉಳಿದ ಕಲ್ಲಿನ ಚೂರು

ಮಂಗಳವಾರ ಹತ್ತು ಗಂಟೆಗೆ, ಖಾಲಿ ಮರದ ಪೆಟ್ಟಿಗೆಯೊಂದನ್ನು ಕೈಚೀಲದಲ್ಲಿಟ್ಟುಕೊಂಡು ಅಣ್ಣಾ ನಗರದಲ್ಲಿ ಮಾಧವರಂ ಬಸ್ಸು ಹತ್ತಿದೆ. ಟಿಕೆಟ್ ನಾಲ್ಕು ರೂಪಾಯಿ. ಪೆಟ್ಟಿಗೆ ನನ್ನ ಮಾವನವರ ಸಾಣೆಕಲ್ಲಿನದು. ಹನ್ನೆರಡು ವರ್ಷದ ಹಿಂದೆ ಅವರು ವಡಪಳನಿ ಗುಡಿಗೆಂದು ಹೊರಟವರು ಮನೆಗೆ ಬರಲಿಲ್ಲ. ಕ್ಷೌರದ ಕತ್ತಿಯೂ ಅದನ್ನು ಮಸೆಯುವ ಕಲ್ಲೂ ಅವರ ಜೊತೆಗೇ ಹೋಗಿದ್ದವು. ಬರುವ ಗುರುವಾರ ಶವದ ಬದಲಿಗೆ ದರ್ಭೆಯ ಗೊಂಬೆ ಮಾಡಿ ಅಂತ್ಯಕ್ರಿಯೆ ಮುಗಿಸುವುದೆಂದು ಪುರೋಹಿತರು ಗೊತ್ತುಮಾಡಿದ್ದರು.

"ಕಲ್ಲು ಹಳ್ಳ ಬಿದ್ರೆ ಅದನ್ನ ಮಾಡಿದವರ ಹತ್ರಾನೇ ಹೋಗೋರು ನಿಮ್ಮ ಮಾವ. ಒಂದ್ಸಲ ಕೇಳ್ಕೊಂಡು ಬಾರೆ," ಎಂದಿದ್ದರು ಅತ್ತೆ. "ಆಮೇಲೆ ಈ ಕುಂಕುಮ ಅಳಿಸ್ಕೋತೀನಿ."

ಪೆಟ್ಟಿಗೆಯೊಳಗೆ ಅಂಟಿಸಿದ್ದ ವಿಳಾಸ ಹಿಡಿದು ಹಾಲಿನ ಡೈರಿಯ ಹಿಂದಿನ ಬೀದಿಗೆ ಹೋದೆ. ಬೀದಿ ಕಾದಿತ್ತು; ಆ ಮನೆಯ ಜಗಲಿ ಮಾತ್ರ ಪಾದಕ್ಕೆ ತಣ್ಣಗೆ ತಗಲಿತು. ಏಕಾಂಬರಂ ಎನ್ನುವ ಅರವತ್ತು ದಾಟಿದವರು, ನಾನು ಮಾವನವರ ಹೆಸರು ಹೇಳಿ ಕೊಟ್ಟ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಮಾತೆಲ್ಲ ತಮಿಳಿನಲ್ಲಿ.

"ನಮ್ಮಪ್ಪನ ಕೆಲಸ ಅಮ್ಮಾ. ಈಗ ಎಲ್ಲಾರೂ ಬ್ಲೇಡು. ಗಾಯ ಮಾಡ್ಕೊಳ್ಳೋಕೂ ಧೈರ್ಯ ಇಲ್ಲ."

ಅವರ ತಾತ ಹಾರ್ಬರಿನಲ್ಲಿ ಇಳಿಯುತ್ತಿದ್ದ ಜರ್ಮನ್ ಕಲ್ಲನ್ನು ತಂತಿ, ಮರಳು, ನೀರಿನಲ್ಲಿ ಕೊಯ್ಯುತ್ತಿದ್ದರಂತೆ. ಹಡಗಿನಲ್ಲಿ ಅದು ಬರುವುದು ನಿಂತ ಮೇಲೆ ಅಪ್ಪ ಕಡಪಾ ಕಡೆಯ ಕಲ್ಲು ಹಿಡಿದರು. ಒಂದೊಂದು ಕಲ್ಲೂ ಎರಡು ತುಂಡು: ದೊಡ್ಡದು ಗಿರಾಕಿಗೆ, ಬೆರಳುದ್ದದ ಚೂರು ಇವರ ಬಳಿಯೇ. ಕಲ್ಲು ಸವೆದಾಗ ಅದರದೇ ಚೂರಿನಿಂದ ಉಜ್ಜಿ ಮಟ್ಟಮಾಡಬೇಕು. ಬೇರೆ ಕಲ್ಲಾದರೆ ಗೀರು ಬೀಳುತ್ತದೆ.

"ಗಿರಾಕಿ ತೀರಿಕೊಂಡರೆ?"

"ಮನೆಯವರು ಬಂದು 'ಅವರು ಹೋದರು' ಅಂತ ಬಾಯಿಬಿಟ್ಟು ಹೇಳ್ಬೇಕು. ಆಗ ಚೂರನ್ನ ಬಾವಿಗೆ ಹಾಕ್ತೀವಿ."

ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈಯಿಂದ ಒಳಕೋಣೆ ತೆರೆದರು. ಕಿಟಕಿಯಿಲ್ಲ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಕಾಗದದ ಪೊಟ್ಟಣಗಳು, ಮೇಲೆ ಹೆಸರುಗಳು.

"ಅಪ್ಪ ಹೋಗಿ ಎಂಟು ವರ್ಷ. ನಾನು ಈ ಕೆಲಸ ಕಲೀಲಿಲ್ಲ. ಅವತ್ತಿಂದ ಇವನ್ನ ಯಾರೂ ಮುಟ್ಟಿಲ್ಲ," ಎನ್ನುತ್ತ ಅವರು ಬೇರೆ ಗಿರಾಕಿಗಳ ಎರಡು ಪೊಟ್ಟಣ ಬಿಚ್ಚಿ ತೋರಿಸಿದರು. ಹೆಬ್ಬೆರಳ ದಪ್ಪದ ಚೂರುಗಳು, ಮೇಲೆ ಧೂಳು. ನಂತರ ಮಾವನವರ ಹೆಸರಿದ್ದುದನ್ನು ತೆಗೆದರು. ಕಾಗದದ ತಳ ನೆನೆದು ಕಪ್ಪಾಗಿತ್ತು. ಒಳಗಿನ ಚೂರು ಬಿಸ್ಕತ್ತಿನಷ್ಟು ತೆಳುವಾಗಿತ್ತು. ಮುಟ್ಟಿದೆ. ಈಗಷ್ಟೇ ಉಜ್ಜಿದಂಥ ಬೂದು ಕೆಸರು ಬೆರಳಿಗೆ ಹತ್ತಿತು.

ಏಕಾಂಬರಂ ತಮ್ಮ ಕೈಯಲ್ಲಿದ್ದ ಬೀಗದ ಕೈಯನ್ನು ನೋಡಿಕೊಂಡರು. "ಹೇಳಿಬಿಡಮ್ಮಾ," ಎಂದರು, ಸಣ್ಣ ದನಿಯಲ್ಲಿ. "ಹೋದರು ಅಂತ ಹೇಳು. ಈಗಲೇ ಬಾವಿಗೆ ಹಾಕಿಬಿಡ್ತೀನಿ."

ಬಾಯಿ ತೆರೆದೆ. ಗೊತ್ತಿಲ್ಲದ್ದನ್ನು ಗೊತ್ತೆನ್ನಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಬಾರಿಸಿ ಕಲಿಸಿದ್ದರು.

"ನನಗೆ ಗೊತ್ತಿಲ್ಲ," ಎಂದೆ.

ಅವರು ಪೊಟ್ಟಣ ಕಟ್ಟಿ ಇದ್ದಲ್ಲೇ ಇಟ್ಟರು. ಬೀಗವನ್ನು ಎರಡು ಸಲ ಜಗ್ಗಿ ನೋಡಿದರು. ಬೀಳ್ಕೊಡಲು ಜಗಲಿಗೆ ಬರಲಿಲ್ಲ.

ಮನೆ ಸೇರಿದಾಗ ಮೂರು ಗಂಟೆ. ಅತ್ತೆ ನನ್ನ ಕೈ ಹಿಡಿದು ಉಗುರಿನೊಳಗಿನ ಬೂದು ಬಣ್ಣ ನೋಡಿದರು. ಮಾವ ಕತ್ತಿ ಮಸೆದಾದ ಮೇಲೆ ಮೂವತ್ತು ವರ್ಷ ಅವರು ಬಚ್ಚಲಿನಿಂದ ತೊಳೆದ ಬಣ್ಣ ಅದು.

"ಚೂರು ಒದ್ದೆ ಇತ್ತಾ?"

"ಇತ್ತಮ್ಮ."

ಗುರುವಾರ ಬರುವುದು ಬೇಡವೆಂದು ಪುರೋಹಿತರಿಗೆ ಅವರೇ ಫೋನು ಮಾಡಿದರು. ಮಾರನೆಯ ಬೆಳಿಗ್ಗೆ ಬಚ್ಚಲಿನಲ್ಲಿ ಒಂದು ಲೋಟ ಬಿಸಿನೀರೂ ಕೈಗನ್ನಡಿಯೂ ಇದ್ದವು; ಹಿಂದೆ ಮಾವನ ಕ್ಷೌರಕ್ಕೆ ಇಡುತ್ತಿದ್ದಂತೆ ಅತ್ತೆ ಇಟ್ಟಿದ್ದರು. ನಾನು ಪೆಟ್ಟಿಗೆಯನ್ನು ತಂದು, ಮುಚ್ಚಳ ತೆರೆದು, ಪಕ್ಕದಲ್ಲಿಟ್ಟೆ.