ಬೆಟ್ಟದ ಬುಡದಿಂದ ತಂದ ಹರಳು

ಕಲ್ಲು ಗುರುತಿಸುವ ಹುಚ್ಚು ನನಗೆ ಹತ್ತಿದ್ದು ನಲವತ್ತು ದಾಟಿದ ಮೇಲೆ. ನಾನು ನೆಲಮಂಗಲದಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳುವವಳು. ಕಲ್ಲಿನ ಬಗ್ಗೆ ನನಗೆ ಗೊತ್ತಿದ್ದದ್ದು ಅವರ ಪಠ್ಯಪುಸ್ತಕದಲ್ಲಿದ್ದಷ್ಟೇ. ಆದರೂ ಮೊಬೈಲಿಗೊಂದು ಆ್ಯಪ್, ಕೈಗೊಂದು ಭೂತಗನ್ನಡಿ ಬಂದದ್ದೇ ತಡ, ನನ್ನ ಮಾತಿನ ಧಾಟಿಯೇ ಬದಲಾಯಿತು. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಕಲ್ಲು ತೋರಿಸುತ್ತಿದ್ದೆ. ಪಿಲ್ಲಗುಂಪೆಯ ಕಾರ್ಖಾನೆಗಳ ಕಡೆ ರಸ್ತೆ ಬದಿಯಲ್ಲಿ ಸಿಕ್ಕ ಹಸಿರು ಗಾಜಿನಂಥದ್ದೊಂದನ್ನು ಜ್ವಾಲಾಮುಖಿಯ ಕಲ್ಲೆಂದು ಸ್ಟಾಫ್ ರೂಮಿನಲ್ಲೆಲ್ಲ ಮೆರೆಸಿದ್ದೆ. ಕೊನೆಗೆ ನೋಡಿದರೆ ಅದು ಯಾವುದೋ ಕುಲುಮೆಯಿಂದ ತಂದು ಸುರಿದ ಕಿಟ್ಟ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಭಾನುವಾರ ಬಂತೆಂದರೆ ನನ್ನ ಕಾರು ಶಿವಗಂಗೆಯ ಕಡೆಗೆ ಹೊರಡುತ್ತಿತ್ತು. ಬೆಟ್ಟದ ಸುತ್ತಲ ಹೊಲಗಳಲ್ಲಿ ಬೆಣಚುಕಲ್ಲು, ಬಿಸಿಲಿಗೆ ಹೊಳೆಯುವ ಕಾಗೆಬಂಗಾರ, ಹೆಸರು ಗೊತ್ತಿಲ್ಲದಿದ್ದರೂ ನಾನೇ ಹೆಸರಿಟ್ಟ ಇನ್ನೂ ಏನೇನೋ ಸಿಗುತ್ತಿದ್ದವು. ದೇವಸ್ಥಾನದ ಮೆಟ್ಟಿಲು ಮಾತ್ರ ತುಳಿದವಳಲ್ಲ. ನಮ್ಮತ್ತೆಗೆ ಅಲ್ಲಿಯ ಗಂಗಾಧರೇಶ್ವರ ಮನೆದೇವರು. ಮುಂಚೆ ಬಸ್ಸು ಬದಲಿಸಿ ಹೋಗಿಬರುತ್ತಿದ್ದ ಅವರು, ಮಂಡಿ ಕೈಕೊಟ್ಟ ಮೇಲೆ ಆ ಕಡೆ ಹೋಗಿಯೇ ಇರಲಿಲ್ಲ. ಒಂದು ಸಲ ಹೋಗಿಬರಬೇಕೆನ್ನುವುದು ಅವರಿಗಿದ್ದ ಒಂದೇ ಆಸೆ. ನಾನು, ನನ್ನ ಗಂಡ ಇಬ್ಬರೂ "ಮಂಡಿ ಸ್ವಲ್ಪ ಸರಿಹೋಗ್ಲಿ" ಎಂದು ಮುಂದಕ್ಕೆ ಹಾಕುತ್ತಲೇ ಬಂದಿದ್ದೆವು. ಆ ಮಂಡಿ ಇನ್ನು ಸರಿಹೋಗುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಂಥದ್ದೊಂದು ಭಾನುವಾರ ಬೆಟ್ಟದ ಬುಡದಲ್ಲಿ, ಮೂರು ದಾರಿ ಕೂಡುವಲ್ಲಿ, ನಿಂಬೆಹಣ್ಣಿನ ಗಾತ್ರದ ಒಂದು ಹರಳು ಸಿಕ್ಕಿತು. ತಿಳಿನೀರಿನಂತೆ ಹೊಳೆಯುತ್ತಿತ್ತು. ಪಕ್ಕದಲ್ಲೇ ಒಣಗಿದ ನಿಂಬೆಹಣ್ಣು, ಕರಿ ದಾರ ಬಿದ್ದಿದ್ದವು. ಎಲ್ಲೆಂದರಲ್ಲಿ ಕಸ ಹಾಕುವ ಜನರನ್ನು ಬೈದುಕೊಂಡು ಹರಳನ್ನು ಎತ್ತಿಕೊಂಡೆ. ಕೈಗೆ ಸ್ವಲ್ಪ ಹಗುರ ಅನ್ನಿಸಿತು. ಪರಿಶುದ್ಧವಾದದ್ದು ಹಗುರವಾಗಿಯೇ ಇರುತ್ತದೆ ಎಂದು ಅಲ್ಲೇ ಒಂದು ಸಿದ್ಧಾಂತ ಮಾಡಿಕೊಂಡೆ.

ಮನೆಗೆ ಬಂದು, ಚಾಕುವಿನಿಂದ ಗೀರಿ ಗಟ್ಟಿತನ ಪರೀಕ್ಷೆ ಮಾಡೋಣವೆಂದು ಕೂತಾಗ ಅತ್ತೆ ಬಂದರು.

"ಎಲ್ಲಿ ಸಿಕ್ತಮ್ಮಾ ಇದು?"

"ಶಿವಗಂಗೆ ಬುಡದಲ್ಲಿ ಅತ್ತೆ. ಅಪ್ಪಟ ಬೆಣಚುಕಲ್ಲಿನ ಹರಳು. ಕೋಟಿಗಟ್ಟಲೆ ವರ್ಷದ್ದು."

"ಹಂಗಾರೆ ಸ್ವಾಮಿನೇ ಬಂದವ್ನೆ" ಎಂದು ಅತ್ತೆ ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು, ನೇರ ದೇವರ ಮನೆಗೆ ನಡೆದರು. ನಾನು ಚಾಕು ಹಿಡಿದು ಕೂತೇ ಇದ್ದೆ. ದೇವರನ್ನು ಒಂಚೂರು ಗೀರಿ ನೋಡುತ್ತೇನೆ, ಕೊಡಿ ಎಂದು ಯಾವ ಸೊಸೆ ತಾನೇ ಕೇಳಿಯಾಳು?

ದಿನಾ ಬೆಳಿಗ್ಗೆ ಅಭಿಷೇಕ ಶುರುವಾಯಿತು. ಮೇಲೆ ಹುಯ್ದ ಹಾಲು ತಟ್ಟೆಯಲ್ಲಿ ಒಡೆಯಿತು. ನಾನು ಹಾಲಿನ ಅಂಗಡಿಯವನ ಜೊತೆ ಜಗಳಕ್ಕೆ ನಿಂತೆ. ತೀರ್ಥ ಒಗರೊಗರಾಗಿ ನಾಲಿಗೆ ಹಿಡಿಯುತ್ತಿತ್ತು. ಖನಿಜದ ಸತ್ವ, ಮೈಗೆ ಒಳ್ಳೆಯದು ಎಂದು ಎಲ್ಲರಿಗೂ ಇನ್ನೊಂದು ಉದ್ಧರಣೆ ಕುಡಿಸಿದೆ. "ಸ್ವಾಮಿ ಇಳ್ದೋಗವ್ನಲ್ಲಮ್ಮಾ" ಎಂದು ಅತ್ತೆ ಹೇಳಿದಾಗ, ಕನ್ನಡಕ ಬದಲಾಯಿಸಬೇಕು ಎಂದೆ. ಶಿವಗಂಗೆಯಲ್ಲಿ ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದಂತೆ. ನಮ್ಮ ಮನೆಯಲ್ಲಿ ದೇವರೇ ನೀರಾಗುತ್ತಿದ್ದ, ನನ್ನ ಪಾಂಡಿತ್ಯಕ್ಕೆ ಮಾತ್ರ ಅದು ಕಾಣಿಸುತ್ತಿರಲಿಲ್ಲ.

ಗುಟ್ಟು ಬಯಲು ಮಾಡಿದ್ದು ನನ್ನ ಗಂಡ. ಆಗಷ್ಟೇ ಶೇವ್ ಮಾಡಿಕೊಂಡು ಬಂದವರು ತೀರ್ಥ ಕುಡಿದು, ಒದ್ದೆ ಕೈಯನ್ನು ಮುಖಕ್ಕೆ ಸವರಿಕೊಂಡರು.

"ಕೆನ್ನೆ ಉರೀತಿದೆ ಕಣೇ! ಕಟಿಂಗ್ ಶಾಪಲ್ಲಿ ಗಾಯಕ್ಕೆ ಉಜ್ತಾರಲ್ಲ, ಆ ಪಟಿಕ ಇದು!"

ಅಷ್ಟು ಹೊತ್ತಿಗೆ ಅದು ಅಡಿಕೆ ಗಾತ್ರಕ್ಕೆ ಬಂದಿತ್ತು. ಅತ್ತೆ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು.

"ಇದರ ಪಕ್ಕ ನಿಂಬೆಹಣ್ಣು ಬಿದ್ದಿತ್ತೇನಮ್ಮಾ?"

"ಇತ್ತು ಅತ್ತೆ."

"ಕರಿ ದಾರ?"

"ಅದೂ ಇತ್ತು."

"ಯಾರೋ ದೃಷ್ಟಿ ತೆಗ್ದು ಬಿಸಾಕಿದ್ದು. ನಾನು ಹಾಲು ಹುಯ್ಕೊಂಡು ಕೂತಿದ್ದೀನಿ."

ಯಾರದೋ ಅಂಗಡಿಗೋ ಲಾರಿಗೋ ತಾಗಿದ ಕಣ್ಣನ್ನೆಲ್ಲ ಹೊತ್ತು ತಂದು ದೇವರ ಮನೆಯಲ್ಲಿ ಕೂರಿಸಿದ್ದೆ. ಗಂಡ ಬಿದ್ದು ಬಿದ್ದು ನಗುತ್ತಿದ್ದರು. ನನಗೂ ನಗು ಬಂತು. ತಪ್ಪಾಯ್ತು ಅತ್ತೆ, ಬೈದುಬಿಡಿ ಎಂದೆ.

ಅತ್ತೆ ನಗಲಿಲ್ಲ. "ಪಟಿಕಕ್ಕೆ ಯಾಕಮ್ಮಾ ಬೈಲಿ? ವಾರ ವಾರ ಕಲ್ಲಿನ ಚೀಲಾನ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಬರ್ತೀಯ. ಕಾರು ಕುಂಯ್ ಅಂತದೆ ಅಂತ ಅದಕ್ಕೆ ಬೆಲ್ಟು ಬೇರೆ ಹಾಕ್ತೀಯ. ಆ ಸೀಟಲ್ಲಿ ನಾನು ಕೂತ್ರೆ ಭಾರ ಆಯ್ತೀನಾ?"

"ಹಂಗಲ್ಲ ಅತ್ತೆ, ಅಷ್ಟು ಮೆಟ್ಟಿಲು ನಿಮ್ಮ ಕೈಲಿ..."

"ಹತ್ತಿಸು ಅಂತ ಯಾವತ್ತು ಕೇಳ್ದೆ? ಬುಡದಲ್ಲಿ ಕೂತು ಕೈಮುಗ್ದು ಬರ್ತಿದ್ದೆ."

ನಗುತ್ತಿದ್ದ ಗಂಡ ತಲೆ ತಗ್ಗಿಸಿದರು. ಅತ್ತೆಯನ್ನೇ ಒಂದು ಮಾತು ಕೇಳಿ ನೋಡಬೇಕೆಂದು ಅಷ್ಟು ದಿನ ನನಗೆ ಹೊಳೆದೇ ಇರಲಿಲ್ಲ. ಭಾನುವಾರಕ್ಕೆ ಕಾಯದೆ ಶಾಲೆಗೆ ರಜೆ ಹಾಕಿ, ಅವತ್ತೇ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ.

ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಬಾಗಿಲು ತೆರೆದೆ. ಅತ್ತೆ ಕೂತಲ್ಲಿಂದಲೇ ಕೈಮುಗಿದು ಬಹಳ ಹೊತ್ತು ಮೇಲೆ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಮನೆಯಿಂದ ಕಾರಲ್ಲಿ ಇಷ್ಟೇ ಹೊತ್ತಾ ಹಿಡಿಯೋದು?" ಎಂದು ಕೇಳಿದರು.

"ಹೂಂ ಅತ್ತೆ, ಇಷ್ಟೇ ಹೊತ್ತು" ಎಂದೆ. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.