ಒಣಗರಿಯ ಚೀಲ ಹಿಡಿದು ಶಿವಾಜಿನಗರಕ್ಕೆ

ಶನಿವಾರ ಬೆಳಿಗ್ಗೆ ಎಂಟೂವರೆಗೆ ಹೊರಮಾವಿನ ಮನೆಯಿಂದ ಹೊರಟೆ. ಹೆಗಲಿಗೆ ಅಮ್ಮನ ಕಾಲದ ಗೋಣಿಬಟ್ಟೆಯ ಚೀಲ. ಅದರೊಳಗೆ ನೀರಿನ ಬಾಟಲಿ, ನನ್ನ ಬೈಬಲ್, ಫಾದರ್ ಬರೆದುಕೊಟ್ಟ ಮೂರು ವಿಳಾಸಗಳ ಚೀಟಿ. ಫೆಬ್ರವರಿಯ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಆಟೋದವನು ಕೆ.ಆರ್. ಪುರದ ಮೆಟ್ರೋ ನಿಲ್ದಾಣಕ್ಕೆ ನೂರಿಪ್ಪತ್ತು ಕೇಳಿದ, ನೂರಕ್ಕೆ ಒಪ್ಪಿಸಿದೆ. ಅರವತ್ತಾರರ ನಿವೃತ್ತ ಟೀಚರಿಗೆ ಚೌಕಾಸಿಯೇ ವ್ಯಾಯಾಮ.

ಹೊರಟ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಈಸ್ಟರಿಗೆ ಹಿಂದಿನ ವಾರ, ಗರಿಗಳ ಭಾನುವಾರ ಚರ್ಚಿನಲ್ಲಿ ಆಶೀರ್ವದಿಸಿ ಕೊಡುವ ಎಳೆಯ ತೆಂಗಿನ ಗರಿಯನ್ನು ನಾವು ಮನೆಗೆ ತಂದು, ಶಿಲುಬೆಯಾಗಿ ಮಡಚಿ, ಯೇಸುವಿನ ಪಟದ ಹಿಂದೆ ಸಿಕ್ಕಿಸುತ್ತೇವೆ. ವರ್ಷವಿಡೀ ಅದು ಅಲ್ಲೇ ಒಣಗುತ್ತದೆ. ಮರುವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆ ಮೊದಲು ಚರ್ಚಿಗೆ ಹಿಂದಿರುಗಿಸಿದರೆ ಅದನ್ನು ಸುಟ್ಟು, ಆ ಬೂದಿಯನ್ನೇ ತಪಸ್ಸುಕಾಲದ ಮೊದಲ ದಿನ, ಬೂದಿ ಬುಧವಾರ, ನಮ್ಮ ಹಣೆಗೆ ಹಚ್ಚುತ್ತಾರೆ. ಶಿವಾಜಿನಗರದ ನಮ್ಮ ಚರ್ಚಿನ ಕನ್ನಡ ಪೂಜೆಗೆ ಬರುತ್ತಿದ್ದವರೆಲ್ಲ ಹಿಂದೆ ಆಸುಪಾಸಿನಲ್ಲೇ ಇದ್ದರು, ಈಗ ಪೂರ್ವದ ಕಡೆ ಚೆದುರಿದ್ದಾರೆ. ನಡೆಯಲಾರದವರ ಮನೆಗೆ ಹೋಗಿ ಗರಿ ತರುವ ಕೆಲಸವನ್ನು ಅಮ್ಮ ಮೂವತ್ತು ವರ್ಷ ಮಾಡಿದಳು. ‘ವರ್ಷ ದಾಟಿದ ಗರಿ ಮನೆಯಲ್ಲಿ ಇರಬಾರದು’ ಎಂಬುದು ಅವಳ ಕಾಯಿದೆ. ಅವಳ ನಂತರ ಆ ಚೀಲ ನನಗೆ ಬಂತು.

ಕಾಯಿದೆ ಮುರಿದವಳೂ ನಾನೇ. ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅವಳ ಕೈಯಲ್ಲಿ ಆ ವರ್ಷದ ಗರಿಯ ಶಿಲುಬೆ ಇತ್ತು, ಅದನ್ನು ನಾನು ತೆಗೆದಿಟ್ಟುಕೊಂಡಿದ್ದೆ. ಮಣ್ಣು ಮಾಡಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದಾಗ ನನ್ನ ತಂಗಿ ತೆರೇಸಾ ಅದನ್ನು ಕೇಳಿದಳು. "ಇದು ಅಮ್ಮನ ಹೇಲುಚ್ಚೆ ಬಳಿದೋರಿಗೆ ಸೇರ್ಬೇಕು. ನೀನು ಬಂದಿದ್ದು ಊಟಕ್ಕೆ ತಾನೆ?" ಎಂದೆ, ನೆಂಟರಿಷ್ಟರೆಲ್ಲರ ಎದುರಿಗೆ. ಅವಳು ಎಲೆ ಬಿಟ್ಟು ಎದ್ದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಆ ಗರಿ ನನ್ನ ಬೈಬಲ್ಲಿನೊಳಗೆ ಇದೆ, ತಂಗಿಯ ಜೊತೆ ಮಾತಿಲ್ಲ.

ಪ್ರತಿ ತಪಸ್ಸುಕಾಲದಲ್ಲೂ ಇದನ್ನೇ ಪಾಪನಿವೇದನೆಯಲ್ಲಿ ಹೇಳುತ್ತಾ ಬಂದೆ. ಕಳೆದ ಬಾರಿ ನಾಚಿಕೆಯಾಗಿ, "ಫಾದರ್, ವರ್ಷಾ ವರ್ಷಾ ಅದೇ ಪಾಪ. ನಾನು ಸರಿಹೋಗೋ ಗಿರಾಕಿ ಅಲ್ಲ" ಎಂದೆ. ನನ್ನ ಶಿಷ್ಯನಾಗುವಷ್ಟು ಚಿಕ್ಕ ವಯಸ್ಸಿನ ಫಾದರ್ ನಕ್ಕರು. "ದೀಕ್ಷಾಸ್ನಾನ ಒಂದೇ ಸಲ ಅಮ್ಮ, ಕಾಲು ಮಾತ್ರ ದಿನಾ ತೊಳೀಬೇಕು. ಇನ್ನೊಂದು ವಿಷ್ಯ. ನನ್ ಹತ್ರ ಮೂರು ಸಲ ಹೇಳಿದ್ರಿ, ನಿಮ್ ತಂಗಿ ಹತ್ರ ಒಂದ್ಸಲ ಹೇಳಿ." ಈ ಸಲದ ಚೀಟಿಯ ಮೂರನೆಯ ಹೆಸರು ತೆರೇಸಾ, ಹಲಸೂರು. ಮಂಡಿ ಆಪರೇಷನ್ ಆಗಿದೆಯಂತೆ. ಹೊರಡುವ ಮೊದಲು ಬೈಬಲನ್ನು ಎರಡು ಸಲ ಚೀಲದಿಂದ ತೆಗೆದಿಟ್ಟು, ಮತ್ತೆ ಹಾಕಿಕೊಂಡಿದ್ದೆ.

ಮೊದಲ ಮನೆ ಕೆ.ಆರ್. ಪುರದ ನಿಲ್ದಾಣದಿಂದ ಐದು ನಿಮಿಷದ ನಡಿಗೆ, ನಾಲ್ಕನೇ ಮಹಡಿ. ಮನೆಗೆ ಬಣ್ಣ ಹೊಡೆಸಿದಾಗ ಗರಿ ಕಳೆದುಹೋಗಿತ್ತಂತೆ. ಸೊಸೆ ಬಾಲ್ಕನಿಯ ಕುಂಡದಿಂದ ಹಸಿರು ಗರಿಯೊಂದನ್ನು ಕತ್ತರಿಸಿ ತಂದಳು. "ಇದೂ ಪಾಮ್ ಅಲ್ವಾ ಆಂಟಿ?"

"ಇದು ಉರಿಯಲ್ಲ, ಹೊಗೆ ಬರುತ್ತೆ ಅಷ್ಟೆ. ಒಣಗ್ಲಿ, ಮುಂದಿನ್ ವರ್ಷ ಬರ್ತೀನಿ" ಎಂದುಬಿಟ್ಟೆ. ಅವಳ ಮುಖ ಬಾಡಿತು. ಅಷ್ಟರಲ್ಲಿ ಒಳಗೆ ಮಲಗಿದ್ದ ಅತ್ತೆ ದಿಂಬಿನಡಿಯಿಂದ ಗರಿ ತೆಗೆದು ತೋರಿಸಿದರು. ಬಣ್ಣದವರು ಬರುವ ಮೊದಲೇ ಜೋಪಾನ ಮಾಡಿದ್ದರಂತೆ. ನನ್ನ ನಾಲಿಗೆ ಎಂಥದೆಂದು ಓದುಗರಿಗೆ ಅಂದಾಜಾಗಿರಬೇಕು.

ಮೆಟ್ರೋದ ತಪಾಸಣೆಯಲ್ಲಿ ಕಾವಲಿನ ಹೆಣ್ಣುಮಗಳು ಚೀಲ ತೆರೆದು ನೋಡಿದಳು. "ಏನಮ್ಮ ಇದು, ಒಣಗಿರೋದು?"

"ಗರಿ. ಚರ್ಚಲ್ಲಿ ಸುಡೋಕೆ."

"ಬೆಂಕಿಪೊಟ್ಣ ಇಲ್ಲ ತಾನೆ?"

ಇಲ್ಲವೆಂದೆ. ಅವಳು ಗರಿಯನ್ನು ಮುರಿಯದ ಹಾಗೆ ಮೆಲ್ಲಗೆ ಒಳಗಿಟ್ಟು ಕಳುಹಿಸಿದಳು. ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೂ ಒಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು.

ಇಂದಿರಾನಗರದಲ್ಲಿ ಇಳಿದು ಹತ್ತು ನಿಮಿಷ ನಡೆದೆ. ಎರಡು ಪಬ್ಬುಗಳ ನಡುವೆ ಉಳಿದಿರುವ ಒಂದು ಹಳೆಯ ಮನೆಯಲ್ಲಿ ಎಂಬತ್ತರ ಜೋಸೆಫ್ ಅಂಕಲ್ ಷರಟು ಹಾಕಿಕೊಂಡು ಗೇಟಿನಲ್ಲೇ ಕಾಯುತ್ತಿದ್ದರು. ಕಾಫಿ ಕೊಟ್ಟು, ಗರಿಗೆ ಮುತ್ತಿಟ್ಟು ನನ್ನ ಕೈಗಿತ್ತರು. "ಈ ಗರಿ ಮನೆಗೆ ಬಂದಾಗ ನಾನು ಆಸ್ಪತ್ರೇಲಿದ್ದೆ. ಇದು ಒಣಗೋವರೆಗೂ ಇರ್ತೀನಾ ಅಂತ ಅಂದ್ಕೊಂಡಿದ್ದೆ. ನೋಡಿ, ನಾನೇ ಕೊಡ್ತಿದೀನಿ." ದೇವರಿಗೆ ಸ್ತೋತ್ರ ಎಂದೆ. ಬಾಯಿಮಾತಿಗಲ್ಲ, ನಿಜಕ್ಕೂ ಎಂದೆ.

ಅಲ್ಲಿಂದ ಹಲಸೂರು ಒಂದೇ ನಿಲ್ದಾಣ. ಮಾರ್ಕೆಟ್ಟಿನ ಹಿಂದಿನ ಓಣಿ ಹೊಕ್ಕಾಗ ಹನ್ನೊಂದೂವರೆ, ಬಿಸಿಲು ಏರಿತ್ತು. ಓಣಿಯ ತುದಿಯವರೆಗೆ ಹೋಗಿ ವಾಪಸು ಬಂದೆ. ಎಳನೀರು ಕುಡಿದೆ. ಗರಿ ಇಸಿದುಕೊಂಡು, ಏನೂ ಮಾತಾಡದೆ ಹೊರಟುಬಿಡಬಹುದು ಎಂದೂ ಲೆಕ್ಕ ಹಾಕಿದೆ. ಕೊನೆಗೆ ಬಾಗಿಲು ತಟ್ಟಿದೆ.

ತೆರೇಸಾ ವಾಕರ್ ಹಿಡಿದು ಬಂದು ತೆಗೆದಳು. ಕೂದಲು ನನಗಿಂತ ಬೆಳ್ಳಗಾಗಿತ್ತು. "ಬಾ ಅಕ್ಕ. ಲಿಸ್ಟಲ್ಲಿ ನನ್ ಹೆಸರೂ ಇದ್ಯಾ?"

"ಇದೆ."

ತನ್ನ ಗರಿಯನ್ನು ಮೊದಲೇ ಮೇಜಿನ ಮೇಲೆ ಎತ್ತಿಟ್ಟಿದ್ದಳು. ಅದನ್ನು ಚೀಲಕ್ಕೆ ಹಾಕಿಕೊಂಡೆ. ಕೆಲಸ ಮುಗಿದಿತ್ತು, ಕಾಲು ಮಾತ್ರ ಏಳಲಿಲ್ಲ. ಬೈಬಲ್ ತೆಗೆದು, ಅಮ್ಮನ ಗರಿಯನ್ನು ಅವಳ ಮುಂದಿಟ್ಟೆ. ಕಂದುಬಣ್ಣಕ್ಕೆ ತಿರುಗಿ, ಒಂದು ತೋಳು ಮುರಿದಿತ್ತು.

"ಅವತ್ತು ಹಾಗೆ ಅನ್ಬಾರ್ದಿತ್ತು ಕಣೇ. ತಪ್ಪಾಯ್ತು. ಇದು ನಿಂದು, ಇಟ್ಕೋ."

ತೆರೇಸಾ ಗರಿಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಹೊರಗೆ ಸೊಪ್ಪಿನವಳು ಕೂಗುತ್ತಾ ಹೋದಳು.

"ನಾನೂ ಬರ್ಬೇಕಿತ್ತು ಅಕ್ಕ, ಅಮ್ಮನ್ನ ನೋಡ್ಕೊಳ್ಳೋಕೆ. ನೀನು ಹೇಳಿದ್ರಲ್ಲಿ ಸುಳ್ಳಿರ್ಲಿಲ್ಲ. ಅದಕ್ಕೇ ಅಷ್ಟು ಉರೀತು." ಗರಿಯನ್ನು ನನ್ನ ಕಡೆ ತಳ್ಳಿದಳು. "ಮೂರ್ ವರ್ಷ ಆಯ್ತಲ್ಲ ಇದಕ್ಕೆ? ಅಮ್ಮ ಇದ್ದಿದ್ರೆ ಬೈದು ಸಾಯಿಸ್ತಿದ್ರು. ಚೀಲಕ್ಕೆ ಹಾಕು. ಸುಡೋದನ್ನ ನಾನೂ ನೋಡ್ಬೇಕು, ಕರ್ಕೊಂಡು ಹೋಗು."

ಇಬ್ಬರೂ ಅತ್ತೆವು. ಆಮೇಲೆ ಅವರೆ ಕಾಲದ ಕೊನೆಯ ಹಿತಕಿದ ಬೇಳೆ ಸಾರಿನಲ್ಲಿ ಎರಡೆರಡು ಸಲ ಅನ್ನ ಹಾಕಿಕೊಂಡು ಉಂಡೆವು. ಮೂರು ವರ್ಷದ ಹಿಂದೆ ಬಿಟ್ಟುಹೋದ ಎಲೆಗೆ ತಂಗಿ ವಾಪಸು ಬಂದು ಕೂತಳು ಎನಿಸಿತು. ಆ ಅನ್ನಕ್ಕಾಗಿ ದೇವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಆಟೋದಲ್ಲಿ ಶಿವಾಜಿನಗರ ಮುಟ್ಟಿದಾಗ ಮೂರು ಗಂಟೆ. ಚರ್ಚಿನ ಹಿತ್ತಲಲ್ಲಿ ಫಾದರ್ ಕಬ್ಬಿಣದ ಬಾಣಲೆ ಇಟ್ಟುಕೊಂಡು ಕಾಯುತ್ತಿದ್ದರು. ಬೇರೆಯವರು ತಂದ ಗರಿಯ ರಾಶಿಯೂ ಅಲ್ಲಿತ್ತು. ನಮ್ಮಿಬ್ಬರನ್ನು ಒಟ್ಟಿಗೆ ನೋಡಿ ಫಾದರ್ ಬೆಂಕಿಪೊಟ್ಟಣವನ್ನು ತೆರೇಸಾಳ ಕೈಗೆ ಕೊಟ್ಟರು. ಒಣಗಿದ್ದು ಭಗ್ಗನೆ ಹತ್ತಿಕೊಂಡಿತು. ಅಮ್ಮನ ಗರಿ ಯಾವುದೆಂದು ಕಣ್ಣಿಟ್ಟು ನೋಡುತ್ತಲೇ ಇದ್ದೆ, ಕ್ಷಣದಲ್ಲಿ ಗುರುತು ಸಿಗದಾಯಿತು. ಅಷ್ಟೊಂದು ಮನೆಗಳ ಗರಿ ಉರಿದು ಉಳಿದದ್ದು ಎರಡು ಬೊಗಸೆ ಬೂದಿ. ತೆಳುಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬಿದೆವು. ಬುಧವಾರ ಜೋಸೆಫ್ ಅಂಕಲ್ ಹಣೆಗೂ ಆ ಸೊಸೆಯ ಹಣೆಗೂ ಇದೇ ಬೂದಿ, ನಮ್ಮ ಹಣೆಗೂ ಇದೇ.

ವಾಪಸು ಹೊರಡುವಾಗ ಐದು ಗಂಟೆಯ ಟ್ರಾಫಿಕ್ಕು. ತೆರೇಸಾ ವಾಕರ್ ಮಡಚಿ ಆಟೋ ಹತ್ತಲು ತಡವಾಯಿತು, ಹಿಂದಿನಿಂದ ಹಾರನ್ನುಗಳು ಬಡಿದುಕೊಂಡವು. "ಬೇಗ ಹತ್ತೇ. ನಿನ್ನನ್ನ ಕರ್ಕೊಂಡು ಬಂದಿದ್ದೇ ತಪ್ಪಾಯ್ತು" ಎಂದು ಬಾಯಿ ಜಾರಿತು. ಅವಳು ಮುಖ ಹೊರಗೆ ತಿರುಗಿಸಿದಳು. ಬೆರಳ ಸಂದಿಯ ಮಸಿ ಕೂಡ ನಾನಿನ್ನೂ ತೊಳೆದಿರಲಿಲ್ಲ.

ಮುಂದಿನ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. "ತೆರೇಸಾ, ಮತ್ತೆ ಅಂದ್ಬಿಟ್ಟೆ. ತಪ್ಪಾಯ್ತು."

ಅವಳು ತಿರುಗಲಿಲ್ಲ. ನನ್ನ ಮಸಿಗೈಯನ್ನು ಹುಡುಕಿ ಹಿಡಿದುಕೊಂಡಳು. "ಬುಧವಾರ ಫಾದರ್ ಹತ್ರ ಇದನ್ನೂ ಸೇರಿಸು."

"ಸೇರಿಸ್ತೀನಿ."

ಮೊದಲನೆಯ ಸಲ ಇದೇ ಮಾತು ಹೇಳಲು ನನಗೆ ಮೂರು ವರ್ಷ ಹಿಡಿದಿತ್ತು. ಈ ಸಲ ಕೆಂಪು ದೀಪ ಇನ್ನೂ ಹಸಿರಾಗಿರಲಿಲ್ಲ.